ಒಂದು ಕಿಲೋ ಎಂಟುನೂರು

ಏಪ್ರಿಲಿನ ಕೊನೆ. ಮೂಟೆಗಳೆಲ್ಲ ಲಾರಿ ಹತ್ತಿ ಹೋಗಿ
ವಿರಾಜಪೇಟೆಯ ನಮ್ಮ ಕಾಫಿ ಮಂಡಿ
ಬಾಯಿ ಬಿಟ್ಟುಕೊಂಡು ಕೂತಿತ್ತು.
ಕಾಟಾದ ಮೇಲೆ ಬೆಕ್ಕು ಮಲಗಿತ್ತು, ಮೂರು ಕಿಲೋ ಇನ್ನೂರು.
ಆಗ ಬಂದರು ಗಿಲ್ಬರ್ಟ್, ಲವೀನಾ, ಹಿಂದೆ ಮಗಳು ಆನ್ಸಿಲ್ಲಾ,
ಆಟೋದಿಂದ ಮೂರು ಸೂಟ್‌ಕೇಸು ಇಳಿಸಿ:
"ಮೊಯ್ದು, ಒಂದೊಂದೂ ಇಪ್ಪತ್ಮೂರು ದಾಟಬಾರದಂತೆ."

ಬೆಕ್ಕನ್ನು ಎಬ್ಬಿಸಿದೆ.
ಮೂವತ್ತು ವರ್ಷ ತೂಕ ಬರೆದ ಕೈ.
ತೇವ ಎಷ್ಟು, ಕಲ್ಲು ಎಷ್ಟು,
ಮೂಟೆಯ ಬೆನ್ನು ತಟ್ಟಿದರೆ ಗೊತ್ತು.
ಸಂಸಾರವನ್ನೇ ತಂದು ಕಾಟಾದ ಮೇಲಿಟ್ಟವರು
ಇವರೇ ಮೊದಲು.

ಎರಡು ಸರಿಯಿದ್ದವು. ಮೂರನೆಯದನ್ನು ಗಿಲ್ಬರ್ಟ್
ಕೈಯಲ್ಲೆತ್ತಿ ಕಣ್ಣು ಮುಚ್ಚಿದ. ಬೇಕರಿಯವನು, ಹಿಟ್ಟು ಅಳೆದ ಅಂಗೈ.
"ಇಪ್ಪತ್ನಾಲ್ಕು ಎಂಟುನೂರು," ಎಂದ.
ಕೆಂಪು ಅಂಕಿಯೂ ಅದನ್ನೇ ಹೇಳಿತು.

ಗೋಣಿಯ ಮೇಲೆ ಬಿಚ್ಚಿದರು.
ಒಣಸಿಗಡಿ, ಹಪ್ಪಳ, ಕರಿಮೆಣಸು,
ಚೌಕಟ್ಟು ಕಳಚಿದ ಅತ್ತೆಯ ಫೋಟೋ,
ಲವೀನಾಳ ಬಿಳಿ ಶೂ. (ಕೆಲಸ ಸಿಕ್ಕಿದ್ದು ಅವಳಿಗೆ,
ಐರ್ಲೆಂಡಿನ ಸ್ಲೈಗೋದಲ್ಲಿ, ಮುದುಕರ ಮನೆಯೊಂದರ ನರ್ಸು.)
ಹಾಕಿ ಸ್ಟಿಕ್ಕನ್ನು ಆನ್ಸಿಲ್ಲಾ ಎದೆಗವಚಿಕೊಂಡಳು,
ಯಾರೂ ಕೇಳುವ ಮೊದಲೇ.
ತಳದಲ್ಲಿ, ಹಳೆ ಸೀರೆಯಲ್ಲಿ ಸುತ್ತಿ,
ಬ್ರೆಡ್ಡಿನ ಆರು ತಗಡಿನ ಅಚ್ಚು, ಅಜ್ಜನ ಕಾಲದವು.

ಲವೀನಾ ತನ್ನ ಮದುವೆಸೀರೆ ಹೊರಗೆಳೆದಳು.
ಗಿಲ್ಬರ್ಟ್ ಅದನ್ನು ಮಡಚಿ ಒಳಗಿಟ್ಟು
ಅಚ್ಚುಗಳನ್ನು ನನ್ನ ಮೇಜಿಗೆ ತಂದ.
"ಅಲ್ಲಿ ಬ್ರೆಡ್ಡು ಸಿಗಲ್ವಾ," ಎಂದ, ಯಾರಿಗೋ.

ನನ್ನಜ್ಜ ಇರಿಟ್ಟಿಯಿಂದ ಮಾಕುಟ್ಟ ಹತ್ತಿ ಬಂದವನು,
ತಲೆಯ ಮೇಲೆ ಒಣಮೀನಿನ ಬುಟ್ಟಿ.
ಅವನ ಹೊರೆಯನ್ನು ತೂಗಿದವರಿಲ್ಲ.
ದಾರಿಯ ಇಂಬಳಗಳು ಮಾತ್ರ
ಕಾಲಿನಿಂದ ಸುಂಕ ವಸೂಲು ಮಾಡಿದವು.

ಮೊದಮೊದಲು ದಿನಾ ಮೆಸೇಜು.
ಇಲ್ಲೂ ಮಳೆಯೇ ಮೊಯ್ದು, ಸದ್ದಿಲ್ಲ ಅಷ್ಟೆ.
ಕಸಕ್ಕೆ ಮೂರು ಬಣ್ಣದ ಡಬ್ಬಿ, ತಪ್ಪಿ ಹಾಕಿ ಬೈಸಿಕೊಂಡೆ.
ಅವಳದು ರಾತ್ರಿ ಪಾಳಿ. ನಾನು ಗಂಜಿ ಬೇಯಿಸಿ
ಕಿಟಕಿ ನೋಡುತ್ತೇನೆ.
ಕೊನೆಗೆ ತಪ್ಪದೆ:
ಅಚ್ಚು ಇವೆಯಲ್ಲ? ಇಲಿ ಕಡಿಯದ ಹಾಗೆ ಇಡು.
ತಗಡನ್ನು ಯಾವ ಇಲಿ ಕಡಿಯುತ್ತದೆ!
ಇವೆ, ಎಂದು ಬರೆದೆ. ಪ್ರತಿ ಸಲ ಬರೆದೆ.

ಮಳೆಗಾಲ ನಡುವಿಗೆ ಬರುವ ಹೊತ್ತಿಗೆ
ದಿನದ್ದು ವಾರದ್ದಾಯಿತು.
ಪಕ್ಕದ ಮನೆಯ ಅಜ್ಜಿ ಒಂದು ಬಟ್ಟಲು ಸಕ್ಕರೆ ಸಾಲ ಒಯ್ದಳು.
ಸಾಲ ಕೇಳಿದರು ಅಂದರೆ
ಊರವರಾದ ಹಾಗೆ, ಅಲ್ವಾ?
ಅಲ್ಲಿಂದಾಚೆ ಕೈಲ್ಪೊಳ್ದ್ ಬಂತು, ಹುತ್ತರಿ ಬಂತು,
ಅವನ ಮೆಸೇಜು ಬರಲಿಲ್ಲ.

ಜನವರಿ. ಹಣ್ಣು ಕೊಯ್ಲು, ಮಂಡಿಯ ಮುಂದೆ ಸಾಲು.
ಎಡೆಯಲ್ಲಿ ಫೋನು ನಡುಗಿತು:
ಅಚ್ಚಿನ ಅಳತೆ ಹೇಳು. ಉದ್ದ, ಆಳ.
ಬಾಯಿ ಎಷ್ಟಗಲ, ತಳ ಎಷ್ಟು ಕಿರಿದು.
ಇಲ್ಲೊಬ್ಬ ತಗಡಿನ ಕೆಲಸದವ ಸಿಕ್ಕಿದ್ದಾನೆ.
ಶನಿವಾರದ ಸಂತೆಯಲ್ಲಿ ಮೇಜು ಹಾಕಿದ್ದೇನೆ.

ಕಳಿಸು ಎನ್ನಲಿಲ್ಲ.
ಎರಡು ಸಲ ಓದಿದೆ. ಕಳಿಸು ಎಂದಿರಲಿಲ್ಲ.

ಮಗಳ ಕಂಪಾಸ್ ಪೆಟ್ಟಿಗೆಯ ಅಡಿಪಟ್ಟಿ ಹಿಡಿದು
ಚೀಲ ಬಿಚ್ಚಿ ಅಳೆದೆ.
ತಳದಲ್ಲಿ ಇನ್ನೂ ಸುಟ್ಟ ಹಿಟ್ಟಿನ ವಾಸನೆ.
ನಾಲ್ಕನೆಯದರ ಮೂಲೆಯಲ್ಲಿ ಒಂದು ನೆಗ್ಗು.
ಅದನ್ನೂ ಬರೆಯಲೇ ಎಂದು ತುಸು ಹೊತ್ತು ಯೋಚಿಸಿ
ಬರೆದೆ.

ಪುಸ್ತಕದಲ್ಲಿ ಆ ಕಲಮು ಇನ್ನೂ ಹಾಗೇ ಇದೆ:
ಗಿಲ್ಬರ್ಟ್, ಚೀಲ ಒಂದು, ಒಂದು ಕಿಲೋ ಎಂಟುನೂರು, ಬಾಕಿ.
ಹೊಡೆದು ಹಾಕಲೆಂದು ಪೆನ್ನಿನ ಮುಚ್ಚಳ ತೆಗೆದೆ.
ಹೊರಗೆ ಟ್ರಾಕ್ಟರಿನ ಹಾರ್ನು, ಅಮ್ಮತ್ತಿಯ ಚೆರ್ರಿ ಬಂದಿದೆ.
"ಮೊಯ್ದುಕಾಕ," ಹುಡುಗ ಕೂಗಿದ,
"ಬೆಕ್ಕು ಇಳಿಸಿ."